ಕಾಲು ಮುಂದಾಗಿ ಹುಟ್ಟಿದವರ ಒದೆ

ನನ್ನ ಗಂಡ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹೊರಬಂದವರು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ನರ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ರೋಣದ ನಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಿನ ಚಹಾಕ್ಕೂ ಮೊದಲೇ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಕುಳಿತಿರುತ್ತಾರೆ. ಮುಶಿಗೇರಿಯಿಂದ ಮೋಟರ್ ಸೈಕಲ್ಲಿನ ಹಿಂದೆ ಓರೆಯಾಗಿ ಕುಳಿತು ಬಂದವರು, ಮೆಣಸಗಿಯಿಂದ ಮೊದಲ ಬಸ್ಸಿಗೆ ಬಂದವರು. ನಮ್ಮ ಇವರು ಬಾಯಿ ಮುಕ್ಕಳಿಸಿ, ಲುಂಗಿ ಎತ್ತಿ ಕಟ್ಟಿ, ಬಂದವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎಡಗಾಲಿನ ಹಿಮ್ಮಡಿಯಿಂದ ಸೊಂಟಕ್ಕೆ ಮೂರು ಬಾರಿ ಒದೆಯುತ್ತಾರೆ. ಒದೆಸಿಕೊಂಡವರು ತಿರುಗಿ ಅದೇ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಾರೆ. ಆಮೇಲೆ ಇವರು ಸ್ನಾನ ಮಾಡಿ ತಮ್ಮ ಬೀಜ-ಗೊಬ್ಬರದ ಅಂಗಡಿಗೆ ಹೊರಡುತ್ತಾರೆ.

ಆ ಹೊತ್ತಿಗೆ ನಾನು ಒಳಗೆ ಒಲೆಯ ಮುಂದೆ ಇರುತ್ತೇನೆ. ಬಸ್ ನಿಲ್ದಾಣದ ಹತ್ತಿರದ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಮಾಡಿಕೊಡುವುದು ನನ್ನ ಕೆಲಸ. ನಸುಕಿನಲ್ಲಿ ಕುಳಿತರೆ ಬಿಸಿಲು ಅಂಗಳಕ್ಕೆ ಇಳಿಯುವ ತನಕ ಏಳುವುದಿಲ್ಲ. ಬಲಗಾಲು ಮಡಚಿ ಕೆಳಗೆ ಹಾಕಿ, ಎಡಮೊಣಕಾಲು ಎತ್ತಿ, ಎಡಗಾಲಿನ ಬೆರಳುಗಳನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಎತ್ತಿ ಕುಳಿತುಕೊಳ್ಳುತ್ತೇನೆ. ನನ್ನ ತವರು ನರಗುಂದ. ಅಲ್ಲಿ ನಮ್ಮವ್ವ ಹಾಗೇ ಕೂಡುತ್ತಿದ್ದಳು, ನಾನೂ ಹಾಗೇ ಕಲಿತೆ. ರೊಟ್ಟಿ ಬಡಿಯುವಾಗ ಮೈಭಾರವೆಲ್ಲ ಆ ಐದು ಬೆರಳುಗಳ ಮೇಲೆ. ನಡುವೆ ನೀರು ಕುಡಿಯುವುದಿಲ್ಲ. ಕುಡಿದರೆ ಹಿತ್ತಲಿಗೆ ಏಳಬೇಕಾಗುತ್ತದೆ, ಎದ್ದರೆ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತದೆ. ಹೊರಗೆ ಇವರು ಒದೆಯುವ ಸದ್ದು, ಒಳಗೆ ನಾನು ಬಡಿಯುವ ಸದ್ದು. ನಮ್ಮ ಮನೆಯಲ್ಲಿ ಬೆಳಗಾಗುವುದೇ ಹಾಗೆ.

ಆರು ವರ್ಷಗಳ ಹಿಂದೆ ನನ್ನ ಎಡಗಾಲಿಗೆ ಅದು ಮೊದಲ ಸಲ ಬಂದಿತು. ಗಾಢ ನಿದ್ದೆಯಲ್ಲಿದ್ದೆ. ಯಾರೋ ಮೀನಖಂಡವನ್ನು ಮುಷ್ಟಿಯಲ್ಲಿ ಹಿಡಿದು, ಒಗೆದ ಸೀರೆ ಹಿಂಡುವ ಹಾಗೆ ಹಿಂಡಿದರು. ಎದ್ದು ಕುಳಿತು ಮುಟ್ಟಿ ನೋಡಿದರೆ ಅಲ್ಲಿ ಮಾಂಸ ಇರಲಿಲ್ಲ, ಕಲ್ಲು ಇತ್ತು. ಆ ಕಲ್ಲು ಚರ್ಮದ ಒಳಗೆ ಮೇಲಕ್ಕೆ ಸರಿಯುತ್ತಿತ್ತು. ಪಾದ ತಾನಾಗಿ ಕೆಳಗೆ ಬಾಗಿ, ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು. ನಾನು ಕೂಗಿದ ಕೂಗಿಗೆ ಓಣಿಯ ನಾಯಿಗಳು ಬೊಗಳತೊಡಗಿದವು.

ಇವರು ಎದ್ದರು. ದೀಪ ಹಾಕಲಿಲ್ಲ, ಏನಾಯಿತೆಂದು ಕೇಳಲಿಲ್ಲ. ನನ್ನನ್ನು ಬೋರಲು ಕೆಡವಿ, ಮೀನಖಂಡಕ್ಕೆ ಹಿಮ್ಮಡಿಯಿಂದ ಮೂರು ಸಲ ಒದ್ದರು. ಕಣ್ಣಲ್ಲಿ ಬೆಂಕಿ ಹಾರಿತು. ಆದರೆ ಸ್ವಲ್ಪ ಹೊತ್ತಿಗೆ ಕಲ್ಲು ಕರಗಿ ಮತ್ತೆ ಮಾಂಸವಾಯಿತು.

"ಬಿಡ್ತಿಲ್ಲೋ?" ಎಂದರು.

"ಬಿಡ್ತ್ರಿ" ಎಂದೆ, ದಿಂಬು ಕಚ್ಚಿಕೊಂಡೇ.

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. "ಹೊರಗಿನವರು ಹತ್ತಿಪ್ಪತ್ತು ಮೈಲಿಂದ ಬರ್ತಾರ. ನಿನಗ ಮನ್ಯಾಗ ದವಾಖಾನಿ ಐತಿ. ಪುಣ್ಯವಂತಿ ನೀ."

ಆ ದವಾಖಾನೆ ಐದು ವರ್ಷ ನಡೆಯಿತು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಸೆಳೆತ ಆಮೇಲೆ ವಾರಕ್ಕೆ ಎರಡು ಸಲ ಬರತೊಡಗಿತು. ಬಂದಾಗಲೆಲ್ಲ ಒದೆ. ಮೀನಖಂಡದ ಮೇಲೆ ಒಂದು ಹಳದಿ ಕಲೆ ಆರುವ ಮೊದಲೇ ಮತ್ತೊಂದು ನೀಲಿ ಕಲೆ ಏಳುತ್ತಿತ್ತು. ನಾನು ಸೀರೆಯ ಅಂಚು ಇಳಿಬಿಟ್ಟು ಉಡುತ್ತಿದ್ದೆ. ಖಾನಾವಳಿಯ ಅಕ್ಕ ಒಮ್ಮೆ ಕಂಡು ಕೇಳಿದಾಗ "ಕಟ್ಟಿಗಿ ಬಡೀತ್ರಿ" ಎಂದೆ. ಹಾಸಿಗೆಗೆ ಹೋಗುವಾಗ ಎರಡು ಹೆದರಿಕೆ ಇರುತ್ತಿದ್ದವು, ಕಾಲು ಹಿಡಿದೀತು ಎಂಬುದೊಂದು, ಇವರಿಗೆ ಎಚ್ಚರವಾದೀತು ಎಂಬುದೊಂದು. ಎರಡನೆಯದೇ ದೊಡ್ಡದಾಗುತ್ತ ಹೋಯಿತು. ಸೆಳೆತ ಬಂದಾಗ ಸೆರಗನ್ನು ಬಾಯಲ್ಲಿ ತುರುಕಿಕೊಂಡು ಸುಮ್ಮನಿರಲು ನೋಡುತ್ತಿದ್ದೆ. ಆದರೆ ಹಿಡಿದ ಕಾಲು ಸುಮ್ಮನಿರಬೇಕಲ್ಲ, ಅದು ಹೊದ್ದ ಕೌದಿಯನ್ನೆಲ್ಲ ಎಳೆದಾಡಿಬಿಡುತ್ತಿತ್ತು.

ಒಂದು ಸಂಗತಿ ಮಾತ್ರ ನನಗೆ ಹೊಳೆದಿತ್ತು, ಬಾಯಿಬಿಟ್ಟು ಆಡಿರಲಿಲ್ಲ. ಇವರು ಅಂಗಡಿಯ ಸರಕಿಗೆಂದು ಪರವೂರಿಗೆ ಹೋದ ರಾತ್ರಿಗಳಲ್ಲಿಯೂ ಕಾಲು ಹಿಡಿಯುತ್ತಿತ್ತು. ಒದೆಯಿಲ್ಲದೆ, ಅಷ್ಟೇ ಹೊತ್ತಿಗೆ, ತಾನೇ ಬಿಡುತ್ತಿತ್ತು.

ಹೋದ ಬೇಸಿಗೆಯ ಒಂದು ರಾತ್ರಿ ಕರೆಂಟು ಹೋಗಿತ್ತು. ಇವರು ದಿನವೆಲ್ಲ ಲಾರಿಯಿಂದ ಗೊಬ್ಬರದ ಚೀಲ ಇಳಿಸಿಕೊಂಡು ದಣಿದು ಬಿದ್ದಿದ್ದರು. ನನ್ನ ಕಾಲು ಹಿಡಿಯಿತು, ಬಾಯಿಂದ ಸದ್ದು ಹೊರಟೇಬಿಟ್ಟಿತು. ಇವರು ಅರೆನಿದ್ದೆಯಲ್ಲಿ ಎದ್ದು, ಕತ್ತಲೆಯಲ್ಲಿ ಗೋಡೆ ಹಿಡಿದು, ಮೈಯ ತೂಕವೆಲ್ಲ ಹಾಕಿ ಒದ್ದರು. ಕಾಲೊಳಗೆ ಹಸಿ ಬಟ್ಟೆ ಹರಿದ ಹಾಗೆ 'ಪರ್' ಎಂದಿತು. ಆ ಸದ್ದನ್ನು ನಾನು ಕಿವಿಯಿಂದ ಕೇಳಲಿಲ್ಲ, ಎಲುಬಿನಿಂದ ಕೇಳಿದೆ.

ಎರಡನೆಯ ಒದೆಗೆ ಇವರು ಕಾಲೆತ್ತಿದ್ದರು. ನಾನು ಹೊರಳಿ, ನನ್ನ ಬಲಗಾಲಿನಿಂದ ಇವರ ಹೊಟ್ಟೆಗೆ ಒದ್ದೆ.

ಒಂಟಿ ಕಾಲಲ್ಲಿ ನಿಂತವರು ಹಿಂದಕ್ಕೆ ಹೋಗಿ, ಗಿರ್ರನೆ ತಿರುಗಿ ಮೂಲೆಯ ತಾಮ್ರದ ಹಂಡೆಯ ಮೇಲೆ ಬೋರಲು ಬಿದ್ದರು. ಹಂಡೆ ಉರುಳಿತು, ನೀರು ಹಾಸಿಗೆಗೆಲ್ಲ ನುಗ್ಗಿತು. ಸದ್ದಿಗೆ ಎದ್ದ ಅತ್ತೆ ಕಳ್ಳರು ಬಂದರೆಂದು ತಿಳಿದು, ಬಾಗಿಲ ಹಿಂದಿನ ಕೋಲು ತಂದು, ಕತ್ತಲೆಯಲ್ಲಿ ಕೈಗೆ ಸಿಕ್ಕ ಬೆನ್ನಿಗೆ ಎರಡು ಬಿಗಿದರು.

"ಏ ಯವ್ವಾ, ನಾನs! ನಾನs!" ಎಂದು ಇವರು ಕಿರುಚಿದರು.

ಮೊಬೈಲಿನ ಬೆಳಕು ಹಾಕಿ ನೋಡಿದರೆ ಇವರ ಹಣೆ ಹಂಡೆಯ ಕಂಠಕ್ಕೆ ಬಡಿದು ಒಡೆದಿತ್ತು, ರಕ್ತ ಹುಬ್ಬಿನ ಮೇಲಿಂದ ಇಳಿಯುತ್ತಿತ್ತು. ಅತ್ತೆ ಕೋಲು ಕೆಳಗೆ ಹಾಕಿ ಮಗನನ್ನೂ ನನ್ನನ್ನೂ ನೋಡಿದರು.

"ಗಂಡನ್ನ ಒದ್ದೇನ?" ಎಂದರು.

"ಅವರು ಐದು ವರ್ಷ ಒದ್ದಾರ್ರಿ ಅತ್ತಿ. ನಾ ಒಂದs ಸಲ."

ಬೆಳಗಾದ ಮೇಲೆ ಎಡಗಾಲು ಊರಲು ಆಗಲಿಲ್ಲ. ಮೀನಖಂಡ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಹಿಮ್ಮಡಿಯವರೆಗೆ ಕಪ್ಪಿಳಿದಿತ್ತು. ಒಲೆ ಹೊತ್ತಲಿಲ್ಲ. ಖಾನಾವಳಿಯಿಂದ ರೊಟ್ಟಿ ಕೇಳಿಕೊಂಡು ಎರಡು ಸಲ ಫೋನು ಬಂತು. ಅತ್ತೆ ಕಾಲು ನೋಡಿ, ತಲೆ ಅಲ್ಲಾಡಿಸಿ, ಮಗನಿಗೆ "ಕತ್ತಲ್ಯಾಗ ಒದಿ ನೆಟ್ಟಗ ಬಿದ್ದಿಲ್ಲ. ತಮ್ಮಾ, ಬೆಳಕಿನ್ಯಾಗ ಇನ್ನೊಂದ್ ಸಲ ಒದಿ, ಸರಿ ಆಕ್ಕೈತಿ" ಎಂದರು. ಹಣೆಗೆ ಅರಿಸಿನ ಮೆತ್ತಿಕೊಂಡು ಕುಳಿತಿದ್ದ ಇವರು ಖರೇನೇ ಎದ್ದು ಲುಂಗಿ ಎತ್ತಿ ಕಟ್ಟಿದರು. ಅವರಲ್ಲಿ ಸಿಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೆಟ್ಟುಹೋದ ಕೆಲಸವನ್ನು ನೆಟ್ಟಗೆ ಮಾಡಿ ಮುಗಿಸಬೇಕೆಂಬ ಮುಖವಿತ್ತು. ಅದನ್ನು ಕಂಡೇ ನನಗೆ ಜೀವ ಹೋದಂತಾಯಿತು. ಒಲೆ ಊದುವ ಕಬ್ಬಿಣದ ಕೊಳವೆ ಕೈಗೆಟುಕುವ ಹಾಗಿತ್ತು, ಎತ್ತಿಕೊಂಡೆ.

"ಇನ್ನೊಂದ್ ಹೆಜ್ಜಿ ಮುಂದ ಬಂದ್ರ ಆ ಕಾಲs ಮುರೀತೀನ್ರಿ" ಎಂದೆ.

ಊರೆಲ್ಲ ಮುಟ್ಟಿ ನಮಸ್ಕರಿಸುವ ಕಾಲು ಅದು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಇವರು ಲುಂಗಿ ಇಳಿಬಿಟ್ಟರು.

ಖಾನಾವಳಿಯ ಅಕ್ಕನೇ ಗಜೇಂದ್ರಗಡದ ಡಾಕ್ಟರರ ವಿಷಯ ಹೇಳಿದ್ದು, ಹೆಣ್ಣುಮಗಳು, ನಿಧಾನ ಕೇಳುತ್ತಾರೆ ಎಂದು. ಬಸ್ಸಿನಲ್ಲಿ ನಾನು ಕಾಲನ್ನು ಎದುರಿನ ಚೀಲದ ಮೇಲೆ ಚಾಚಿ ಕುಳಿತೆ. ಪಕ್ಕದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಇವರು. ಕಂಡಕ್ಟರ್ ಇಬ್ಬರನ್ನೂ ನೋಡಿ ಏನೋ ಕೇಳಲು ಹೋಗಿ ಟಿಕೀಟು ಹರಿದು ಕೊಟ್ಟ.

ಡಾಕ್ಟರು ಸೀರೆಯಂಚು ಸರಿಸಿ ಕಾಲು ನೋಡಿದರು. ಹೊಸ ಕಪ್ಪಿನ ಕೆಳಗೆ ಹಳೆಯ ಹಳದಿ ಕಲೆಗಳನ್ನೂ ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಇವರಿಗೆ, "ನೀವು ಹೊರಗ ಕುಂದರ್ರಿ" ಎಂದರು. ಬಾಗಿಲು ಹಾಕಿದ ಮೇಲೆ ನನ್ನ ಹತ್ತಿರ ಸ್ಟೂಲು ಎಳೆದುಕೊಂಡರು.

"ಅಕ್ಕಾರ, ಯಾರ ಹೊಡದಾರ?"

"ಎಮ್ಮಿ ಒದೀತ್ರಿ."

"ಮನ್ಯಾಗ ಎಮ್ಮಿ ಕಟ್ಟೀರೇನ್ರಿ?"

"ಇಲ್ರಿ" ಎಂದುಬಿಟ್ಟೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಕಾಲು ಮುಂದಾಗಿ ಹುಟ್ಟಿದ್ದು, ಕಟ್ಟೆಯ ಮೇಲಿನ ಜನ, ಐದು ವರ್ಷದ ರಾತ್ರಿಗಳು. ನಡುವೆ ನಾನೇ ನಕ್ಕೆ. ಅವರು ನಗಲಿಲ್ಲ. ಮೀನಖಂಡ ಬಿಸಿಯಿದೆಯೇ, ಒಂದೇ ಕಾಲು ಊದಿದೆಯೇ, ಉಸಿರಾಟಕ್ಕೆ ತೊಂದರೆ ಇದೆಯೇ ಎಂದು ಕೇಳಿ, ಮಷಿನ್ನಿನಿಂದ ಸ್ಕ್ಯಾನ್ ಮಾಡಿಸಿದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಾಲು ತಿಕ್ಕುವುದೂ ಜೀವಕ್ಕೆ ಅಪಾಯ, ಒದೆಯುವುದಂತೂ ದೂರದ ಮಾತು ಎಂದರು. ಪುಣ್ಯಕ್ಕೆ ಹೆಪ್ಪು ಇರಲಿಲ್ಲ. ಸ್ನಾಯು ಅರ್ಧ ಹರಿದಿತ್ತು.

"ಇನ್ನೊಂದ್ ಸಲ ಹಿಂಗ ಒದಿ ಬಿದ್ರ ಪೂರ್ತಿ ಹರೀತೈತ್ರಿ. ಆಮ್ಯಾಲ ಜಲ್ಮಪೂರ್ತಿ ಕಾಲ ಎಳಕೊಂತ ಅಡ್ಡಾಡಬೇಕಾಕ್ಕೈತಿ. ರೊಟ್ಟಿಗೆ ಕುಂಡ್ರೂದು ದೂರ ಉಳೀತು."

ಆಮೇಲೆ ಅವರು ನನ್ನ ದಿನವನ್ನೆಲ್ಲ ಕೇಳಿದರು. ಹೇಗೆ ಕೂಡುತ್ತೀರಿ, ತೋರಿಸಿ ಎಂದರು. ಎಷ್ಟು ನೀರು ಕುಡಿಯುತ್ತೀರಿ, ಯಾವ ಗುಳಿಗೆ ನುಂಗುತ್ತೀರಿ, ಏನು ಹೊದೆಯುತ್ತೀರಿ ಎಂದರು. ನಾನು ಬಿ.ಪಿ. ಗುಳಿಗೆಯ ಚೀಟಿ ತೋರಿಸಿದೆ. ಮೈಯ ನೀರನ್ನು ಹೊರಹಾಕುವ ಗುಳಿಗೆಯೂ ಅದರಲ್ಲಿತ್ತು. ಅದನ್ನು ನಾನಾಗಿ ಬಿಡಬಾರದು, ಬರೆದುಕೊಟ್ಟವರನ್ನು ಕೇಳಬೇಕು ಎಂದರು. ಅತ್ತೆ ಹೊಲಿದ ಭಾರದ ಕೌದಿಯ ಅಂಚನ್ನು ಪಾದದ ಕೆಳಗೆ ಬಿಗಿಯಾಗಿ ಸಿಕ್ಕಿಸಿ ಮಲಗುತ್ತೇನೆಂದಾಗ ಅವರು ಮುಂಗೈ ಬಾಗಿಸಿ ತೋರಿಸಿದರು. ಬೆಳಗೆಲ್ಲ ಬೆರಳ ಮೇಲೆ, ರಾತ್ರಿಯೆಲ್ಲ ಕೌದಿಯ ಕೆಳಗೆ, ಪಾದ ಹೀಗೆ ಕೆಳಮುಖವಾಗಿಯೇ ಇದ್ದರೆ ಮೀನಖಂಡ ಕುಗ್ಗಿಕೊಂಡೇ ಇರುತ್ತದೆ, ಸಣ್ಣ ನೆಪ ಸಿಕ್ಕರೆ ಸಾಕು ಹಿಡಿದುಕೊಳ್ಳುತ್ತದೆ ಎಂದರು.

"ಹಿಡದಾಗ ಏನ ಮಾಡಬೇಕ್ರಿ?"

"ಮಣಕಾಲ ಚಾಚ್ರಿ. ಪಾದಕ್ಕ ಟವೆಲ್ ಹಾಕಿ ಬೆರಳ ನಿಮ್ಮ ಕಡೆ ಜಗ್ಗಕೊಳ್ರಿ. ತಾನs ಬಿಡತೈತಿ. ಬಿಟ್ಟಮ್ಯಾಲ ಬಿಸಿನೀರಿನ ಬಟ್ಟಿ ಹಾಕ್ರಿ. ಆದ್ರ ಈ ಹರದ ಕಾಲ ಈಗ ಜಗ್ಗಬ್ಯಾಡ್ರಿ, ಹಗೂರ ನೆಟ್ಟಗ ಹಿಡೀರಿ ಅಷ್ಟ."

ಇವರನ್ನು ಒಳಗೆ ಕರೆದು ಅದೇ ಮಾತು ಹೇಳಿದರು. ಮನೆಯವರು ಪಾದ ಹಿಡಿದು ಬೆರಳುಗಳನ್ನು ಮೇಲಕ್ಕೆ ಒತ್ತಿದರೆ ಇನ್ನೂ ಚಲೋ, ಈಗಲೇ ನನ್ನ ಬಲಗಾಲಿನ ಮೇಲೆ ಮಾಡಿ ತೋರಿಸಿ ಎಂದರು. ಇವರ ಕೈ ಮುಂದೆ ಬಂದು, ನನ್ನ ಪಾದದ ಒಂದು ಗೇಣು ದೂರದಲ್ಲಿ ನಿಂತಿತು. ಗಂಡಸು ಹೆಂಡತಿಯ ಪಾದ ಮುಟ್ಟುವುದೆಂದರೇನು? ಅದೂ ಪರರ ಎದುರಿಗೆ. ಅದೂ ತಮ್ಮ ಪಾದವನ್ನೇ ಜನ ಮುಟ್ಟುವ ಇವರು.

"ಮನ್ಯಾಗ ನೋಡ್ತೀನ್ರಿ" ಎಂದು ಕೈ ಹಿಂದೆ ತೆಗೆದುಕೊಂಡರು.

ಬಸ್ ನಿಲ್ದಾಣದಲ್ಲಿ ಪರಿಚಯದವರೊಬ್ಬರು ಸಿಕ್ಕು, "ಏನ್ರಿ ಸಾವಕಾರ್ರ, ಹಣಿಗೆ ಏನಾತ್ರಿ?" ಎಂದರು. ಇವರು ನನ್ನ ಕಡೆ ನೋಡದೆಯೇ, "ಎಮ್ಮಿ ಒದೀತ್ರಿ" ಎಂದರು. ಬಾಗಿಲ ಹೊರಗೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು ಎಂದು ಆಗ ಗೊತ್ತಾಯಿತು.

ಆವತ್ತಿನಿಂದ ಇವರು ಪಡಸಾಲೆಯಲ್ಲಿ ಮಲಗತೊಡಗಿದರು. ಮಾತು ಊಟಕ್ಕೆ ಎಷ್ಟು ಬೇಕೋ ಅಷ್ಟೇ. ನಾನು ಕೌದಿ ಬಿಟ್ಟು ಹಳೆಯ ಸೀರೆ ಹೊದ್ದೆ, ತಲೆಯ ಹತ್ತಿರ ತಂಬಿಗೆ ನೀರು, ಕೈಯ ಹತ್ತಿರ ಟವೆಲ್ಲು, ಅದರ ಪಕ್ಕದಲ್ಲಿ ಕಬ್ಬಿಣದ ಕೊಳವೆ. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಹಿಡಿಯಿತು, ಅದೂ ಬಲಗಾಲು, ಇರುವ ಒಂದೇ ನೆಟ್ಟಗಿನ ಕಾಲು. ಚೀರಿದೆ. ಟವೆಲ್ಲನ್ನು ಪಾದಕ್ಕೆ ಹಾಕಲು ಹೋದರೆ ಬಾಗಿದ ಪಾದದಿಂದ ಅದು ಜಾರಿ ಜಾರಿ ಬೀಳುತ್ತಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಇವರು ನಿಂತಿದ್ದರು. ಅಭ್ಯಾಸದಿಂದ ಎಡಗಾಲಿನ ಹಿಮ್ಮಡಿ ಆಗಲೇ ನೆಲ ಬಿಟ್ಟಿತ್ತು.

"ಬರಬ್ಯಾಡ್ರಿ!" ಎಂದು ಕೊಳವೆಯನ್ನು ಬೀಸಿ ಒಗೆದೆ. ಅದು ಬಾಗಿಲ ಚೌಕಟ್ಟಿಗೆ ಬಡಿದು ಚಕ್ಕೆ ಹಾರಿಸಿತು. ಅವರು ಅಲ್ಲೇ ನಿಂತರು. ನಾನು ಮತ್ತೆ ಟವೆಲ್ಲು ಹಾಕಿದೆ. ಈ ಸಲ ಬೆರಳುಗಳಿಗೆ ಸಿಕ್ಕಿತು. ಮೊಣಕಾಲು ಚಾಚಿ, ಎರಡೂ ತುದಿ ಹಿಡಿದು, ಹಿಂದಕ್ಕೆ ಬಾಗಿ ಜಗ್ಗಿದೆ. ಕಲ್ಲು ಒಳಗೆ ಒದ್ದಾಡಿತು, ಸೊಂಟದವರೆಗೆ ಉರಿ ಹತ್ತಿತು. ಹಲ್ಲು ಕಚ್ಚಿ ಹಿಡಿದುಕೊಂಡೇ ಇದ್ದೆ. ಆಮೇಲೆ ಅದು ಗಂಟು ಬಿಚ್ಚಿದ ಹಾಗೆ ಸಡಿಲವಾಯಿತು.

"ಬಿಡ್ತು?" ಎಂದರು ಬಾಗಿಲಿನಿಂದ.

"ಬಿಡ್ತು."

"ಒದೀಲಾರದs?"

"ಒದೀಲಾರದs."

ಎತ್ತಿದ ಹಿಮ್ಮಡಿ ಯಾವಾಗ ನೆಲಕ್ಕೆ ಇಳಿಯಿತೋ ನಾನು ನೋಡಲಿಲ್ಲ.

ಮರುದಿನದಿಂದ ಕಟ್ಟೆಯ ಮೇಲಿನ ಒದೆಗಳು ಜೋರಾದವು. ಒಳಗೆ ಕುಳಿತ ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪುರ್ತಗೇರಿಯ ಒಬ್ಬ ಗಟ್ಟಿ ಆಳು ಒದೆಗೆ ಗೋಡೆಗೆ ಮೂಗು ಜಜ್ಜಿಕೊಂಡು, "ಅಣ್ಣಾರ, ಸೊಂಟದ ಚಳಕ ಬಿಡಸಂದ್ರ ಜೀವಾ ಬಿಡಸ್ತೀರೇನ್ರಿ?" ಎಂದು ಅಂಗಳದಲ್ಲೇ ಕುಳಿತುಬಿಟ್ಟ. ಅವನಿಗೆ ಮೂಗಿನ ರಕ್ತ ಒರೆಸಿಕೊಳ್ಳಲು ಬಟ್ಟೆ ಕೊಟ್ಟು ಬಂದ ಅತ್ತೆ, "ಸಿಟ್ಟು ಯಾರ ಮ್ಯಾಲೋ, ಒದಿ ಯಾರಿಗೋ" ಎಂದು ಗೊಣಗಿದರು. ಮಗನಿಗೆ ಅವರು ತಪ್ಪು ಹೊರಿಸಿದ್ದು ನಾನು ಕಂಡದ್ದು ಅದೇ ಮೊದಲು.

ಬಿತ್ತನೆಯ ಹಂಗಾಮು ಬಂತು. ಇವರು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿರುತ್ತಿದ್ದರು. ನೀರಿಲ್ಲ, ಬರೀ ಚಹಾ. ಒಂದು ನಸುಕಿನಲ್ಲಿ ಪಡಸಾಲೆಯಿಂದ ಬಂದ ಕೂಗು ಮನುಷ್ಯರದು ಅನಿಸಲಿಲ್ಲ. ಹೋಗಿ ನೋಡಿದರೆ ಇವರು ಎಡಗಾಲು ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತ, ಅಂಗೈಯಿಂದ ನೆಲ ಬಡಿಯುತ್ತಿದ್ದರು. ಊರ ಮಂದಿ ಮುಟ್ಟುವ ಕಾಲೇ ಹಿಡಿದಿತ್ತು.

ಅತ್ತೆ ಬಾಗಿಲಲ್ಲಿ ಬಂದು, "ತಮ್ಮಾ, ನಿನ್ನ ಒದಿ ನಿನಗ ನಿಲುಕಂಗಿಲ್ಲಲ್ಲೋ!" ಎಂದು ಎದೆ ಬಡಿದುಕೊಂಡರು.

ನಾನು ಪಕ್ಕದಲ್ಲಿ ನಿಂತೆ. ಕಣ್ಣ ಕೆಳಗೆ ಆ ಮೀನಖಂಡ ಕಲ್ಲಾಗಿ ಎದ್ದು ಕುಣಿಯುತ್ತಿತ್ತು. ನನ್ನ ಬಲಗಾಲು ಹಗುರಾಗಿ ನೆಲದಿಂದ ಎದ್ದದ್ದು ನನಗೆ ಗೊತ್ತು. ಒಂದು ಒದೆ. ಐದು ವರ್ಷಕ್ಕೆ ಒಂದೇ ಒಂದು. ಯಾರೂ ಏನೂ ಅನ್ನುತ್ತಿರಲಿಲ್ಲ, ಅವರೇ ಬೇಡುತ್ತಿದ್ದರು. "ಒದಿ, ಒದಿಯೇ" ಎನ್ನುತ್ತಿದ್ದರು. ನನ್ನ ಮೈಯೆಲ್ಲ ಆ ಒದೆಯ ಕಡೆ ವಾಲಿತ್ತು. ಆಮೇಲೆ ಹರಿದ ಸದ್ದು ನೆನಪಾಯಿತು. ಕಾಲು ಇಳಿಸಿದೆ. ಕೆಳಗೆ ಕುಳಿತು ಆ ಬಿರುಕು ಬಿಟ್ಟ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬೆರಳುಗಳನ್ನು ಅವರ ಮೊಣಕಾಲಿನ ಕಡೆ ಒತ್ತಿದೆ. ಅವರು ಕೂಗಿ ನನ್ನ ತೋಳಿಗೆ ಹೊಡೆದರು. ಬಿಡಲಿಲ್ಲ. ಮತ್ತೆ ಹೊಡೆದರು. ಬಿಡಲಿಲ್ಲ. ಕೊನೆಗೆ ಕಲ್ಲು ಕರಗಿತು. ಹೊಡೆದ ಕೈ ನನ್ನ ತೋಳಿನ ಮೇಲೆಯೇ ಉಳಿಯಿತು.

ತಂಬಿಗೆ ನೀರು ಪೂರ್ತಿ ಕುಡಿಸಿದೆ. ಕುಡಿದು ಅವರು ಕೇಳಿದ್ದು ಒಂದೇ ಮಾತು. "ಐದು ವರ್ಷ ನಿನಗ ಇಷ್ಟ ತ್ರಾಸ ಆಗ್ತಿತ್ತೇನ?"

"ಇಷ್ಟs ಆದ್ರ ಚಲೋ ಇತ್ತು. ಇದರ ಮ್ಯಾಲ ನಿಮ್ಮ ಒದಿ."

ಕಟ್ಟೆಗೆ ಜನ ಬರುವುದು ನಿಂತಿಲ್ಲ. ಸೊಂಟದ ಚಳಕಿಗೆ ಇವರು ಈಗಲೂ ಕಾಲೆತ್ತುತ್ತಾರೆ, ಆದರೆ ಮುಟ್ಟಿಸಿದಂತೆ ಮಾಡಿ ಇಳಿಸುತ್ತಾರೆ. ಮೀನಖಂಡವೆಂದು ಬಂದವರಿಗೆ ಮಾತ್ರ, "ಅದಕ್ಕ ನನ್ನ ಕಾಲ ನಡಿಯಂಗಿಲ್ರಿ, ನೀರ ಕುಡೀರಿ" ಎಂದು ಟವೆಲ್ಲು ಹಾಕುವುದನ್ನು ತೋರಿಸುತ್ತಾರೆ. ಕೆಲವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ನಾನು ಈಗ ಎತ್ತರದ ಒಲೆ ಕಟ್ಟಿಸಿಕೊಂಡು, ಎರಡೂ ಹಿಮ್ಮಡಿ ನೆಲಕ್ಕೂರಿ, ನಿಂತು ರೊಟ್ಟಿ ಬಡಿಯುತ್ತೇನೆ. ನಡುನಡುವೆ ಬೆಂಚಿನ ಮೇಲೆ ಕೂಡುತ್ತೇನೆ, ತಂಬಿಗೆ ಎತ್ತುತ್ತೇನೆ. ಒಂದೆರಡು ರೊಟ್ಟಿ ಸೀಯುತ್ತವೆ, ಸೀಯಲಿ. ಮಲಗುವ ಮೊದಲು ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಮೀನಖಂಡ ಎಳೆಯುತ್ತೇನೆ. ಹರಿದ ಜಾಗದಲ್ಲಿ ಬೆರಳಿಟ್ಟರೆ ಒಂದು ಕುಳಿ ಸಿಗುತ್ತದೆ. ಸೆಳೆತ ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಬರುತ್ತದೆ.

ಹೋದ ತಿಂಗಳು ಬಂದಿತ್ತು, ಎಡಗಾಲಿಗೇ. ಒಳಕೋಣೆಗೆ ಮರಳಿ ಬಂದು ಮಲಗುತ್ತಿದ್ದ ಇವರು ಎದ್ದರು. ಐದು ವರ್ಷದ ಹೆದರಿಕೆ, ನನ್ನ ಕೈ ತಾನಾಗಿ ಕೊಳವೆಯ ಕಡೆ ಹೋಯಿತು. ಅವರು ನನ್ನ ಕಡೆ ಬರಲಿಲ್ಲ. ಮೊದಲು ಹೋಗಿ ಬಾಗಿಲು ಹಾಕಿ ಚಿಲಕ ಏರಿಸಿದರು. ಆಮೇಲೆ ಬಂದು, ಕತ್ತಲೆಯಲ್ಲಿ ತಡಕಾಡಿ, ನನ್ನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳನ್ನು ಮೇಲಕ್ಕೆ ಒತ್ತತೊಡಗಿದರು.

ಬಾಗಿಲ ಆಚೆಯಿಂದ ಅತ್ತೆಯ ದನಿ ಬಂತು.

"ತಮ್ಮಾ, ಜೋರ ಜಗ್ಗಬ್ಯಾಡೋ. ಹರದ ಕಾಲ ಅದು. ಹಗೂರ."

ಬಿಸಿ ತಾಗಿದವರಂತೆ ಇವರು ಪಾದ ಬಿಟ್ಟರು. ಆಮೇಲೆ ಮತ್ತೆ ಎತ್ತಿಕೊಂಡರು.